ಶಾಂತತ್ತೆಯ ‘ಏನೋ ಒಂದು’

ಅಕ್ಕಿ ಗಿರಣಿಯ ತೌಡಿನ ಬಿಸಿ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಸಾಕು, ಸಿರುಗುಪ್ಪದ ನಮ್ಮ ಮನೆಯ ಪಡಸಾಲೆ ಕಣ್ಣೆದುರು ಬಂದು ನಿಲ್ಲುತ್ತದೆ. ಜೊತೆಗೆ ಕಂಬಕ್ಕೊರಗಿ ಕೂತ ಶಾಂತತ್ತೆ. ಆ ಮನೆ ಕೆಡವಿ ಪಕ್ಕದ ಗಿರಣಿಯವರು ಗೋದಾಮು ಕಟ್ಟಿದ್ದಾರೆ. ಅತ್ತೆ ಅಪ್ಪನ ತಂಗಿ. ಬಳ್ಳಾರಿ ಮದರಾಸಿಗೆ ಸೇರಿದ್ದ ಕಾಲದಲ್ಲಿ ಅಲ್ಲೇ ಇಂಗ್ಲಿಷ್ ಓದಿದವಳು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಇಂಥ ಒಬ್ಬ ಹಟಮಾರಿ ಅತ್ತೆ ನಿಮ್ಮ ಮನೆಯಲ್ಲೂ ಇದ್ದಿರಬೇಕು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದಾಗ ಅಪ್ಪ, “ಸಾಲಿ ಸಾಕು, ವರ ನೋಡತೀನಿ” ಅಂದುಬಿಟ್ಟ. ಅತ್ತೆ ಅಡ್ಡ ನಿಂತಳು. “ಇನ್ನೊಂದು ಸಲ ಪರೀಕ್ಷಿಗೆ ಕುಂದ್ರಲಿ, ಅಣ್ಣ. ಪಾಸಾಗಲಿಲ್ಲಂದ್ರ ನಿನ್ನ ಮಾತ ನಡೀಲಿ.”

ಮರುದಿನವೇ ನನ್ನ ಡಿಕ್ಷನರಿಯನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು. ನನಗೋ ಮೈಯೆಲ್ಲ ಉರಿ! ಪಾಠದಲ್ಲಿಲ್ಲದ ಪ್ಯಾಸೇಜು ಕೊಟ್ಟರೆ ಮೊದಲ ಕಷ್ಟದ ಶಬ್ದಕ್ಕೇ ಎಡವಿ ಕೂರುವವಳು ನಾನು. ಅತ್ತೆಯ ಕಾನೂನು ಒಂದೇ: ಗೊತ್ತಿಲ್ಲದ ಶಬ್ದ ಬಂದರೆ ‘ಏನೋ ಒಂದು’ ಅಂದುಕೊಂಡು ಮುಂದೆ ಹೋಗಬೇಕು. ಮುದುಕನೊಬ್ಬ ಎತ್ತು ಮಾರುವ ಕತೆಯಲ್ಲಿ ‘ರಿಲಕ್ಟೆಂಟ್’ ಬಂತು, ನಾನು ನಿಂತೆ.

“ನಿಲ್ಲಬ್ಯಾಡ. ಮುಂದ ಓದು.”

“ಮುದುಕ ಎತ್ತು ಮಾರಾಕ ಏನೋ ಒಂದು ಆಗಿದ್ದ. ಅದರ ಕೊರಳು ತಬ್ಬಿಕೊಂಡು ಅತ್ತ.”

“ಅಂದ್ರ ಮಾರಾಕ ಮನಸಿತ್ತೇನು?”

“ಎಲ್ಲೀ ಮನಸು!”

“ಅಷ್ಟ ನೋಡು. ಡಿಕ್ಷನರಿ ಯಾಕ ಬೇಕಿತ್ತಲೇ ನಿನಗ?”

ಆಮೇಲೆ ನಾನೂ ಹಟಕ್ಕೆ ಬಿದ್ದೆ. ಬೆಲ್ಲ ಕಟ್ಟಿಕೊಟ್ಟ ಇಂಗ್ಲಿಷ್ ಪೇಪರಿನ ಚೂರನ್ನೂ ಬಿಡದೆ, ಗಿರಣಿಯ ಸದ್ದಿಗಿಂತ ಜೋರಾಗಿ ಓದಿದೆ. ಪಾಸಾದೆ. ಅಪ್ಪನೇ ಕರೆದುಕೊಂಡು ಹೋಗಿ ಬಳ್ಳಾರಿಯ ಕಾಲೇಜಿಗೆ ಸೇರಿಸಿದ.

ಎಷ್ಟೋ ವರ್ಷಗಳ ನಂತರ, ನಾನು ಟೀಚರಾಗಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮನೆ ಮಾಡಿದ್ದಾಗ, ಹೊಟ್ಟೆನೋವೆಂದ ಅತ್ತೆಯನ್ನು ಆಸ್ಪತ್ರೆಗೆ ತೋರಿಸಿದೆ. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಮನೆಗೆ ಬಂದವಳೇ ಡಾಕ್ಟರು ಬರೆದ ಕಾಗದ ಓದು ಅಂದಳು. ಇಂಗ್ಲಿಷನ್ನು ಕನ್ನಡಕ್ಕಿಳಿಸುತ್ತ ಓದಿದೆ. ನಡುವೆ ಒಂದು ಶಬ್ದ ಬಂತು. ಚೆನ್ನಾಗಿ ಗೊತ್ತಿದ್ದ ಶಬ್ದ. ಆದರೆ ನಾಲಿಗೆ ಏಳಲಿಲ್ಲ. ಅವಳಿಲ್ಲದ ಮನೆ ಕಣ್ಣಿಗೆ ಕಟ್ಟಿತು.

“ಹೊಟ್ಟ್ಯಾಗ... ಏನೋ ಒಂದು ಐತಂತ, ಅತ್ತಿ.”

ಅತ್ತೆ ತಡಕಾಡಿ ನನ್ನ ಕೈ ಹಿಡಿದುಕೊಂಡಳು.

“ನಿಲ್ಲಬ್ಯಾಡಲೇ, ಮುಂದ ಓದು. ಹಿಂದ ಮುಂದ ಕೇಳಿದ್ರ ನನಗ ತಿಳಿತೈತಿ.”

ಅಳುತ್ತಳುತ್ತಲೇ, ಮತ್ತೆ ಮೊದಲಿನಿಂದ, ಒಂದು ಶಬ್ದವನ್ನೂ ಬಿಡದೆ, ಕೊನೆಯ ಸಾಲಿನವರೆಗೂ ಓದಿದೆ.