ಶಾಂತಾಬಾಯಿಯವರ ಪೇಟಿ

ನಾಸಿಕದ ನಮ್ಮ ಕನ್ನಡ ಸಂಘದಲ್ಲಿ ಬಸವಕುಮಾರರನ್ನು ಅರಿಯದವರಿಲ್ಲ. ಮೂಲತಃ ಬೀದರ ಕಡೆಯವರು. ದೇವಳಾಲಿ ಕ್ಯಾಂಪಿನಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ, ನಮ್ಮ ಮಾತಿನಲ್ಲಿ ಪೇಟಿ, ದುರಸ್ತಿ ಮಾಡಿದರು. ಅಪಸ್ವರ ಕೇಳಿದರೆ ಊಟ ಬಿಟ್ಟು ಏಳುವ ಸ್ವಭಾವ.

ಕಳೆದ ವರ್ಷ, ಎಪ್ಪತ್ತರ ದಶಕದ ನಮ್ಮ ವಚನ ಗಾಯನ ತಂಡದ ಫೋಟೊವನ್ನು ಸಭಾಗೃಹದಲ್ಲಿ ಹಾಕುವುದೆಂದು ತೀರ್ಮಾನವಾಯಿತು. ಯಾರು ಯಾವ ವಾದ್ಯ ನುಡಿಸುತ್ತಿದ್ದರೆಂದು ಕೆಳಗೆ ಬರೆಯುವ ಕೆಲಸ ಬಸವಕುಮಾರರಿಗೆ ಬಂತು. ಸಿಕ್ಕಿದ್ದು ಸ್ಟುಡಿಯೋದಲ್ಲಿ ತೆಗೆಸಿದ ಒಂದೇ ಫೋಟೊ. ನಡುವೆ ಹಾರ್ಮೋನಿಯಂ ಮುಂದೆ ಶಿವರಾಯರು, ಅಂಚಿನಲ್ಲಿ ತಾಳ ಹಿಡಿದ ಶಾಂತಾಬಾಯಿ.

"ಪೇಟಿ ಶಿವರಾಯರದು ಅಂತ ಬರೀರಿ, ಮುಗೀತು," ಎಂದರು ಅಧ್ಯಕ್ಷ ಶಶಿಕಾಂತ. ಶಿವರಾಯರು ಅವರ ದಿವಂಗತ ತಂದೆ.

ಬಸವಕುಮಾರರು ಭೂತಗನ್ನಡಿ ಹಿಡಿದರು. "ಅಧ್ಯಕ್ಷರೇ, ಗಾಳಿ ಊದೋ ತಿದಿಯ ಕೊಂಡಿ ಹಾಕೇ ಅದ. ಗಾಳಿ ಹೋಗದ ಪೇಟಿ ಹ್ಯಾಂಗ ನುಡೀತದ್ರಿ?"

"ಫೋಟೊದಾಗ ಯಾರು ಕೇಳಸ್ಕೋತಾರ್ರೀ!"

ಅಧ್ಯಕ್ಷರ ಮಾತಿಗೆ ಸಭೆಯಲ್ಲಿದ್ದವರೆಲ್ಲ ನಕ್ಕರು. "ಬರೇ ಮಾತು ಬ್ಯಾಡ, ಪುರಾವೆ ತರ್ರಿ," ಎಂದರು ಶಶಿಕಾಂತ. ಮರುದಿನವೇ ಬಸವಕುಮಾರರು ನನ್ನನ್ನೂ ಎಳೆದುಕೊಂಡು ಸಂಭಾಜಿನಗರದ ಬಸ್ಸು ಹತ್ತಿದರು. ಫೋಟೊದಲ್ಲಿದ್ದ ಶಾಂತಾಬಾಯಿ, ಈಗ ಎಂಬತ್ತೊಂದು ವರ್ಷದವರು, ಅಲ್ಲಿ ಮಗಳ ಮನೆಯಲ್ಲಿದ್ದಾರೆ.

"ಶಾಂತಕ್ಕಾ, ತಂಡದಾಗ ಪೇಟಿ ಬಾರಸ್ತಿದ್ದವರು ಯಾರ್ರೀ?"

"ನಾನೇ. ಫೋಟೊದ ದಿನ ಶಿವರಾಯರಂಥ ಹಿರೇರು ತಾಳ ಹಿಡ್ಕೊಂಡು ಮೂಲ್ಯಾಗ ನಿಂತ್ರ ಚಂದ ಕಾಣ್ತದೇನು? ಪೇಟಿ ಅವರ ಮುಂದ ಸರಿಸಿದ್ವಿ."

"ಮತ್ತ ಕೊಂಡಿ?"

"ನಾನೇ ಹಾಕಿದ್ದೆ! ಅವರ ಕೈ ಸುಮ್ನಿರ್ತಿರಲಿಲ್ಲ. ಒತ್ತಿದ್ರ ನಾವೆಲ್ಲಾ ನಕ್ಕು ಫೋಟೊ ಕೆಡ್ತಿತ್ತು."

ಮೊಮ್ಮಗಳು ವೈಷ್ಣವಿ ಬೆರಗಾಗಿ ಮರಾಠಿ ಬೆರೆಸಿ ಕೇಳಿದಳು. "ಆಜಿ, ನೀ ವಾದ್ಯ ನುಡಸ್ತಿದ್ದಿ? ಕಧೀ, ಒಮ್ಮೆನೂ ಹೇಳಲೇ ಇಲ್ಲ!" ಎನ್ನುತ್ತಲೇ ಒಳಗೋಡಿ ಹಳೆಯ ಆಲ್ಬಮ್ಮುಗಳನ್ನೆಲ್ಲ ತಂದು ಸುರಿದಳು. ಮೂರನೆಯದರಲ್ಲಿ, ಯಾರದೋ ತೊಟ್ಟಿಲ ಶಾಸ್ತ್ರದ ಫೋಟೊ ಸಿಕ್ಕಿತು. ಶಾಂತಾಬಾಯಿಯ ಬೆರಳುಗಳು ಹಾರ್ಮೋನಿಯಂ ಮೇಲೆ. ತಿದಿ ಪೂರಾ ತೆರೆದಿದೆ. ಪಕ್ಕದಲ್ಲಿ ಶಿವರಾಯರು ತಾಳ ಎತ್ತಿ ಬಾಯ್ತುಂಬ ನಗುತ್ತಿದ್ದಾರೆ.

"ತಾಳ ತಪ್ಪಿ ನಗಲಿಕ್ಕ ಹತ್ಯಾರ," ಎಂದರು ಶಾಂತಾಬಾಯಿ. "ಯಾವಾಗ್ಲೂ ತಪ್ತಿದ್ರು."

ಆ ಫೋಟೊವನ್ನು ಶಶಿಕಾಂತರ ಮುಂದಿಡುವಾಗ ನನಗೆ ಅಳುಕಿತ್ತು. ತಂದೆಯ ಕೈಯಿಂದ ಹಾರ್ಮೋನಿಯಂ ಕಸಿದಂತೆ ಅಲ್ಲವೇ! ಅವರು ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದರು.

"ಮನ್ಯಾಗ ಅಪ್ಪ ಹಿಂಗ ನಕ್ಕಿದ್ದು ನಾ ಒಮ್ಮೆನೂ ನೋಡಿಲ್ರೀ," ಎಂದರು. ಕನ್ನಡಕ ಒರೆಸಿಕೊಂಡು ಬಸವಕುಮಾರರ ಕಡೆ ತಿರುಗಿದರು. "ಇದನ್ನೇ ಹಾಕ್ರಿ. ಪೇಟಿ ಶಾಂತಾಬಾಯಿ ಅಂತ ದೊಡ್ಡಕ್ಷರದಾಗ ಬರೀರಿ. ಇದರದೊಂದು ಕಾಪಿ ನಮ್ಮ ಮನೀಗೂ ಬೇಕು."