ಅಡುಗೆಮನೆಯ ಮೂಲೆ

ಟೆಕ್ಸಸ್ಸಿನ ಬೋಮಾಂಟ್ ಊರಿನಲ್ಲಿ ಮೂವತ್ತು ವರ್ಷ ಮನೆಗಳ ತಳಕ್ಕೆ ಸಿಮೆಂಟು ಗಾರೆ ತುಂಬಿದ ಹಾರ್ಲನ್ ಮೇಸ್ತ್ರಿಗೆ, ತನ್ನ ಹಳೆಯ ಶಿಷ್ಯ ಡಾರೆಲ್‌ನ ಹೆಸರು ಕೇಳಿದರೇ ಮೈ ಉರಿಯುತ್ತಿತ್ತು. ಮನೆಯ ಪೈಪು ಸೋರಿ ನೆಲದಡಿಯ ಮಣ್ಣು ಕೊಚ್ಚಿಹೋದಾಗ ಹಾರ್ಲನ್‌ನ ಹಳೆಯ ಗಿರಾಕಿ ಓಪಲ್ ಅಜ್ಜಿಯೂ ಡಾರೆಲ್‌ನನ್ನೇ ಕರೆದಿದ್ದಳು. ನೆಲಕ್ಕೆ ಬೆರಳಗಾತ್ರದ ತೂತು ಕೊರೆದು, ಉಬ್ಬಿ ಗಟ್ಟಿಯಾಗುವ ನೊರೆ ತುಂಬಿ, ಮಧ್ಯಾಹ್ನದೊಳಗೆ ಮುಗಿಸಿದನಂತೆ!

ಮರುದಿನ ಹಾರ್ಲನ್ ಕರೆಯದೆಯೇ ಬಂದು, ಅಜ್ಜಿಯ ಪೊರಕೆಯ ಹಿಡಿಯಿಂದ ನೆಲ ಕುಟ್ಟತೊಡಗಿದ. ಕೆಳಗೆ ಟೊಳ್ಳಿದ್ದರೆ ಸದ್ದೇ ಹೇಳುತ್ತದೆ. ಪಡಸಾಲೆ ಗಟ್ಟಿ, ಮಲಗುವ ಕೋಣೆ ಗಟ್ಟಿ. ಅವನ ಮುಖ ಸಪ್ಪಗಾಯಿತು. ಅಡುಗೆಮನೆಯ ಮೂಲೆಯಲ್ಲಿ ಮಾತ್ರ ನೆಲ ಡಬಡಬ ಅಂದಿತು.

"ಕೇಳಿಸ್ತಾ ಮಿಸ್ ಓಪಲ್? ಪೂರಾ ಪೊಳ್ಳು! ನೊರೆ ಮೇಲೆ ಮನೆ ನಿಲ್ಲುತ್ತಾ? ನನ್ನನ್ನ ಕರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅಜ್ಜಿ ಐಸ್ ಟೀ ಲೋಟ ಕೆಳಗಿಟ್ಟಳು. "ಆ ಮೂಲೆ ಡಾರೆಲ್ ಮುಟ್ಟೇ ಇಲ್ಲ ಕಣೋ. ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ. 'ಇದು ನಮ್ಮ ಹಾರ್ಲನ್ ಮೇಸ್ತ್ರಿ ತುಂಬಿದ್ದು, ಅವರ ಕೆಲಸ ಕುಟ್ಟಿ ನೋಡೋಕೆ ನಾನ್ಯಾರು?' ಅಂದ."

ಹಾರ್ಲನ್ ಪೊರಕೆಯನ್ನು ತಿರುಗಿಸಿ ಹಿಡಿದು, ಆ ಮೂಲೆಯನ್ನು ಗುಡಿಸತೊಡಗಿದ.