ಅಜ್ಜನ ನಿಘಂಟಿನಲ್ಲಿ ಬಿಟ್ಟುಹೋದ ಕೌದಿ

ನಿನ್ನೆ ಓದುತ್ತಿದ್ದ ಅನುವಾದಿತ ಕಾದಂಬರಿಯಲ್ಲಿ ಮುದುಕಿಯೊಬ್ಬಳು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುತ್ತಾಳೆ. ಅನುವಾದಕರು ಅದನ್ನು ಬರೀ ‘ಹೊದಿಕೆ’ ಎಂದಿದ್ದಾರೆ. ನಮ್ಮ ಕಡೆ ಅದು ಕೌದಿ. ಎದ್ದು ಕಪಾಟಿನಿಂದ ಅಜ್ಜನ ನಿಘಂಟು ತೆಗೆದೆ. ಹಳೆಯ ಕಾಗದದ ವಾಸನೆಗೆ ದೊಡವಾಡದ ನಮ್ಮ ಪಡಸಾಲೆ ನೆನಪಾಯಿತು.

ಶಾಲೆಯ ಮಾಸ್ತರರಾಗಿದ್ದ ಅಜ್ಜ ನಮ್ಮ ಕಡೆಯ ಮಾತುಗಳ ನಿಘಂಟು ಮಾಡಲು ವರ್ಷಗಟ್ಟಲೆ ತಿರುಗಿದರು. ಮನೋಳಿಯ ಅಂಬಿಗರನ್ನು, ಕಟಕೋಳದ ಕುರುಬರನ್ನು ಕೇಳಿ, ಒಂದೊಂದು ಮಾತಿಗೆ ಒಂದೊಂದು ಚೀಟಿ ಬರೆದು, ಕೆಳಗೆ ಹೇಳಿದವರ ಹೆಸರು ಹಾಕುತ್ತಿದ್ದರು. ಮನೆಗೆ ಬಂದರೆ ಕೌದಿ ಹಾಸಿಕೊಂಡು ಕೂತು ಚೀಟಿಗಳನ್ನು ಜೋಡಿಸುವರು. ಪಕ್ಕದಲ್ಲಿ ಅಜ್ಜಿ ದಬ್ಬಣ ಹಿಡಿದು ಇನ್ನೊಂದು ಕೌದಿ ಹೊಲಿಯುತ್ತಿರುವಳು.

ಪುಸ್ತಕ ಅಚ್ಚಾಗಿ ಬಂದ ದಿನ, ಓದು ಬಾರದ ಅಜ್ಜಿ ಹತ್ತಿರ ಬಂದು ಕೂತಳು.

“ನನ್ನ ಕೌದಿ ಎಲ್ಲೈತ್ರಿ ಇದರಾಗ? ಒಮ್ಮೆ ತೋರಸ್ರಿ.”

ಅಜ್ಜ ಪುಟ ತಿರುವಿದರು. ಮತ್ತೊಮ್ಮೆ ತಿರುವಿದರು. ಮನೆಯಲ್ಲಿ ದಿನವೂ ಆಡುವ ಮಾತನ್ನು ಅವರು ಯಾರನ್ನೂ ಕೇಳಿರಲಿಲ್ಲ. ಹಾಗಾಗಿ ಅದಕ್ಕೆ ಚೀಟಿಯೇ ಇರಲಿಲ್ಲ.

“ಬಿಟ್ಟು ಹೋಗೈತಿ,” ಎಂದರು ಸಣ್ಣ ದನಿಯಲ್ಲಿ.

“ಅದರ ಮ್ಯಾಲ ಕುಂತ ಬರದ್ರಿ. ಹೆಂಗ ಕಂಡೀತು ಬಿಡ್ರಿ,” ಎಂದು ಅಜ್ಜಿ ನಕ್ಕಳು. ಆ ದಿನ ಮಾತ್ರ ದಬ್ಬಣ ಮುಟ್ಟಲಿಲ್ಲ.

ನಿನ್ನೆ, ಕೌದಿ ಇರಬೇಕಾಗಿದ್ದ ಪುಟದ ಅಂಚಿನಲ್ಲಿ ಅಜ್ಜನ ಅಕ್ಷರ ಕಂಡಿತು: ‘ಕೌದಿ. ಹಳೆಯ ಸೀರೆ, ಧೋತರದ ತುಂಡು ಜೋಡಿಸಿ ಹೊಲಿದ ಹೊದಿಕೆ. ಹೇಳಿದವರು: ಗಂಗವ್ವ.’

ಅಜ್ಜಿಯ ಆ ಹೆಸರನ್ನು ಅಜ್ಜ ಬಾಯಿಬಿಟ್ಟು ಕರೆದದ್ದನ್ನು ನಾನು ಕೇಳಿಲ್ಲ. ಬರೆದದ್ದನ್ನಾದರೂ ಅವರು ಅಜ್ಜಿಗೆ ಓದಿ ಹೇಳಿದ್ದರೋ ಇಲ್ಲವೋ.